ಕಲಬುರಗಿಯಿಂದ ಸ್ಪಿತಿ ಕಣಿವೆಗೆ: ಶಿಮ್ಲಾ ಕಡೆಯಿಂದ ಹೋಗಿ, ಮನಾಲಿ ಕಡೆಯಿಂದ ಬನ್ನಿ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಮುಖ್ಯವಾಗಿ ಎರಡು ರಸ್ತೆಗಳಿವೆ. ಒಂದು ಶಿಮ್ಲಾದಿಂದ ಹೊರಟು ಕಿನ್ನೌರ್ ಜಿಲ್ಲೆಯೊಳಗೆ ಸತ್ಲಜ್ ನದಿಯ ದಂಡೆ ಹಿಡಿದು ಹೋಗುತ್ತದೆ. ಇನ್ನೊಂದು ಮನಾಲಿಯಿಂದ ಅಟಲ್ ಸುರಂಗ ದಾಟಿ, ಸುಮಾರು 4,550 ಮೀಟರ್ ಎತ್ತರದ ಕುಂಜುಂ ಪಾಸ್ ಹತ್ತಿ ಇಳಿಯುತ್ತದೆ. ಮನಾಲಿ ದಾರಿ ಹತ್ತಿರದ್ದು, ಒಂದೇ ದಿನದಲ್ಲಿ ಸ್ಪಿತಿಯ ಮುಖ್ಯ ಊರು ಕಾಜಾಕ್ಕೆ ತಲುಪಿಸುತ್ತದೆ. ಅದಕ್ಕೇ ಜನ ಅದನ್ನು ಹಿಡಿಯುತ್ತಾರೆ, ಅದಕ್ಕೇ ರಾತ್ರಿ ತಲೆ ಹಿಡಿದುಕೊಂಡು ಕೂರುತ್ತಾರೆ.

ಕಾರಣ ಸರಳ. ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ಬೀದರ್ ಅದಕ್ಕಿಂತ ಇನ್ನೂರು ಮೀಟರ್ ಮೇಲೆ, ಅಷ್ಟೇ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಕಾಜಾ ಹೆಚ್ಚು ಕಡಿಮೆ ಅದರ ಎರಡರಷ್ಟು, ಸುಮಾರು 3,700 ಮೀಟರ್. ಅಲ್ಲಿಂದ ಮುಂದೆ ನೀವು ನೋಡುವ ಹಳ್ಳಿಗಳು 4,000 ಮೀಟರ್ ದಾಟಿವೆ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ. 60ರಷ್ಟು ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಟೈಮ್ ಬೇಕು. ಶಿಮ್ಲಾ ದಾರಿ ಆ ಟೈಮ್ ಕೊಡುತ್ತದೆ.

ಮೊದಲು ತಿಂಗಳು ಆರಿಸಿ

ನಮ್ಮಲ್ಲಿ ಪ್ರವಾಸ ಅಂದರೆ ಏಪ್ರಿಲ್, ಮೇ. ಶಾಲೆಗೆ ರಜೆ, ಊರಲ್ಲಿ 42 ಡಿಗ್ರಿ ಬಿಸಿಲು, ಎಲ್ಲಿಗಾದರೂ ತಣ್ಣಗಿನ ಕಡೆ ಓಡಿಹೋಗೋಣ ಅನ್ನಿಸುತ್ತದೆ. ಆದರೆ ಆಗ ಕುಂಜುಂ ಪಾಸ್ ಹಿಮದಡಿ ಮುಚ್ಚಿರುತ್ತದೆ. ಸಾಮಾನ್ಯವಾಗಿ ಮೇ ಕೊನೆಗೋ ಜೂನ್‌ನಲ್ಲೋ ತೆರೆಯುತ್ತದೆ. ಮೇ ತಿಂಗಳಲ್ಲೇ ಹೋಗಬೇಕಿದ್ದರೆ ಶಿಮ್ಲಾ ದಾರಿಯಲ್ಲೇ ಹೋಗಿ, ಅದೇ ದಾರಿಯಲ್ಲೇ ವಾಪಸ್ ಬನ್ನಿ. ಚಂದ್ರತಾಲ್ ಸರೋವರ ತಪ್ಪುತ್ತದೆ, ಉಳಿದದ್ದೆಲ್ಲ ಸಿಗುತ್ತದೆ.

ಜುಲೈ, ಆಗಸ್ಟ್ ಬಗ್ಗೆ ಒಂದು ಗೊಂದಲ ಇದೆ. ಸ್ಪಿತಿ ಮಳೆ ನೆರಳಿನ ನಾಡು, ಅಲ್ಲಿ ಮಳೆ ಕಡಿಮೆ, ಹಾಗಾಗಿ ಮಳೆಗಾಲದಲ್ಲೂ ಹೋಗಬಹುದು ಅನ್ನುತ್ತಾರೆ. ಕಣಿವೆಯ ಮಟ್ಟಿಗೆ ಅದು ನಿಜ. ಆದರೆ ಕಣಿವೆಗೆ ಹೋಗುವ ರಸ್ತೆ ಮಳೆ ಬೀಳುವ ಗುಡ್ಡಗಳಲ್ಲೇ ಇದೆ. ಕಿನ್ನೌರ್‌ನಲ್ಲೂ ಕುಲ್ಲು ಕಡೆಯೂ ಗುಡ್ಡ ಕುಸಿದು ದಿನಗಟ್ಟಲೆ ರಸ್ತೆ ಬಂದ್ ಆಗುವುದು ಆ ತಿಂಗಳುಗಳಲ್ಲೇ.

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರ. ಆಕಾಶ ಸ್ವಚ್ಛ, ರಸ್ತೆಯ ತೊರೆಗಳಲ್ಲಿ ನೀರು ಇಳಿದಿರುತ್ತದೆ, ಕಿನ್ನೌರ್‌ನಲ್ಲಿ ಸೇಬು ಕೊಯ್ಲು ನಡೆದಿರುತ್ತದೆ. ದಸರಾ ರಜೆ ಬೇಗ ಬಂದ ವರ್ಷ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಎರಡನೇ ಆಯ್ಕೆ ಜೂನ್ ಮಧ್ಯದಿಂದ ಜುಲೈ ಮೊದಲ ವಾರ. ಚಳಿಗಾಲದಲ್ಲಿ ಹಿಮಚಿರತೆ ನೋಡಲು ಕಿಬ್ಬರ್ ಹಳ್ಳಿಗೆ ಹೋಗುವವರಿದ್ದಾರೆ. ಆಗ ತಾಪಮಾನ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುತ್ತದೆ, ನಲ್ಲಿಗಳು ಹೆಪ್ಪುಗಟ್ಟುತ್ತವೆ. ಮೊದಲ ಸಲಕ್ಕೆ ಅದು ಬೇಡ.

ಊರಿನಿಂದ ಶಿಮ್ಲಾಕ್ಕೆ

ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿಯ ಮೇಲಿಂದಲೇ ದಿಲ್ಲಿಗೆ ಹೋಗುತ್ತದೆ. ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಪ್ರಯಾಣ. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಆ ಬೆಳಗ್ಗೆಯೇ ಕೂತು ಮಾಡಿಬಿಡಿ. ಬೀದರಿನವರಿಗೆ ಹೈದರಾಬಾದಿನಿಂದ ವಿಮಾನ ಹಿಡಿಯುವುದೇ ಸಲೀಸು.

ದಿಲ್ಲಿಯ ಕಾಶ್ಮೀರಿ ಗೇಟ್ ಬಸ್ ನಿಲ್ದಾಣದಿಂದ ಶಿಮ್ಲಾಕ್ಕೆ ಹಿಮಾಚಲ ಸರ್ಕಾರಿ ಸಾರಿಗೆಯ ಬಸ್ಸುಗಳಿವೆ. ಮಕ್ಕಳಿದ್ದರೆ ರೈಲಿನಲ್ಲಿ ಕಾಲ್ಕಾಗೆ ಹೋಗಿ, ಅಲ್ಲಿಂದ ಗುಡ್ಡ ಹತ್ತುವ ಸಣ್ಣ ರೈಲು ಹಿಡಿಯಿರಿ. 1903ರಲ್ಲಿ ಶುರುವಾದ ಹಳಿ ಅದು, 96 ಕಿ.ಮೀ. ಉದ್ದ, 2008ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನಿಧಾನ ಹೋಗುತ್ತದೆ, ಆದರೆ ಈ ಪ್ರವಾಸದಲ್ಲಿ ನಿಧಾನವೇ ನಿಮ್ಮ ಔಷಧಿ.

ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಬಜಾರಿನಲ್ಲಿ, ನೆರೆಮನೆಯಲ್ಲಿ ದಖನಿ ಕೇಳಿ ಬೆಳೆದವರು ನಾವು, ಹಿಂದಿ ತೊಡಕಾಗುವುದಿಲ್ಲ. ಸ್ಪಿತಿಯವರ ಮಾತು ಬೇರೆ, ಟಿಬೆಟಿಯನ್ನಿಗೆ ಹತ್ತಿರದ್ದು. ಆದರೆ ಹಿಂದಿ ಎಲ್ಲರಿಗೂ ಬರುತ್ತದೆ. "ಹೌ", "ನಕ್ಕೋ" ಅಂದರೆ ಮಾತ್ರ ಸ್ವಲ್ಪ ನಗುತ್ತಾರೆ.

ಚೀಲದಲ್ಲಿ ಏನೇನು

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಊಟ ಸರಿಯಿಲ್ಲದಿದ್ದರೆ ನಮ್ಮ ಮಂದಿಯ ಮನಸ್ಸೂ ಸರಿ ಇರುವುದಿಲ್ಲ, ಅಲ್ವಾ?

ಕಡಕ್ ರೊಟ್ಟಿ ಈ ಪ್ರವಾಸಕ್ಕೆಂದೇ ಮಾಡಿದಂತಿದೆ. ಜೋಳದ್ದೋ ಸಜ್ಜೆಯದ್ದೋ, ಚೆನ್ನಾಗಿ ಒಣಗಿಸಿದ್ದು ವಾರಗಟ್ಟಲೆ ಕೆಡುವುದಿಲ್ಲ. ಸ್ಪಿತಿಯ ಒಣ ಹವೆಯಲ್ಲಿ ಮೆತ್ತಗಾಗುವುದೂ ಇಲ್ಲ. ಪುಡಿಯಾಗದಂತೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದಿಷ್ಟು ಶೇಂಗಾ ಹೋಳಿಗೆ, ಚೂಡಾ. ಎತ್ತರಕ್ಕೆ ಹೋದಾಗ ಹಸಿವು ಸಾಯುತ್ತದೆ, ಪರಿಚಯದ ರುಚಿ ಮಾತ್ರ ಗಂಟಲಲ್ಲಿ ಇಳಿಯುತ್ತದೆ. ಅಲ್ಲಿಯ ಊಟವೂ ಚೆನ್ನಾಗಿದೆ. ಥುಕ್ಪಾ ಅನ್ನುವ ಬಿಸಿ ಸಾರಿನ ನೂಡಲ್ಸ್, ಮೋಮೊ, ಹಬೆಯಲ್ಲಿ ಬೇಯಿಸಿದ ತಿಂಗ್ಮೋ ರೊಟ್ಟಿ, ಉಪ್ಪು ಬೆಣ್ಣೆ ಹಾಕಿದ ಚಹಾ. ಸಸ್ಯಾಹಾರಿಗಳಿಗೆ ಬೇಳೆ, ಅನ್ನ, ಆಲೂ ಎಲ್ಲ ಕಡೆ ಸಿಗುತ್ತದೆ. ಆದರೆ ಕಾಜಾದಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಕುಕ್ಕರ್ ಇದ್ದರೂ ಬೇಳೆ ಬೇಯಲು ಹೊತ್ತು ಬೇಕು. ರಾತ್ರಿ ಊಟವನ್ನು ಸಂಜೆಯೇ ಹೇಳಿಡಿ.

ಬಟ್ಟೆ ವಿಷಯದಲ್ಲಿ, ಒಂದು ದಪ್ಪ ಸ್ವೆಟರ್‌ಗಿಂತ ಮೂರು ಪದರ ಒಳ್ಳೆಯದು. ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಉಣ್ಣೆಯದು, ಹೊರಗೆ ಗಾಳಿ ತಡೆಯುವ ಜಾಕೆಟ್. ಕಿವಿ ಮುಚ್ಚುವ ಟೊಪ್ಪಿಗೆ, ಕೈಗವಸು, ಉಣ್ಣೆಯ ಕಾಲುಚೀಲ. ಊರಲ್ಲಿ ಸಿಗದ್ದನ್ನು ಶಿಮ್ಲಾದಲ್ಲಿ ಕೊಳ್ಳಿ. ಹೊಸ ಬೂಟು ಮಾತ್ರ ಅಲ್ಲಿ ಕೊಳ್ಳಬೇಡಿ. ಇಲ್ಲೇ ಕೊಂಡು ಎರಡು ವಾರ ಹಾಕಿ ತಿರುಗಾಡಿ.

ಬಿಸಿಲು ನಮಗೇನು ಹೊಸದಾ ಅಂತ ಅಂದುಕೊಳ್ಳಬೇಡಿ. ಅಲ್ಲಿಯ ಬಿಸಿಲು ಸುಡುವುದು ಗೊತ್ತೇ ಆಗುವುದಿಲ್ಲ, ಗಾಳಿ ತಣ್ಣಗಿರುತ್ತದೆ. ಸಂಜೆ ನೋಡಿದರೆ ಮೂಗು, ಕೆನ್ನೆ ಕಪ್ಪಾಗಿ ಸಿಪ್ಪೆ ಎದ್ದಿರುತ್ತದೆ. ಗಾಗಲ್, ಸನ್‌ಸ್ಕ್ರೀನ್, ತುಟಿಗೆ ವ್ಯಾಸಲೀನ್ ಬೇಕೇ ಬೇಕು. ರಾತ್ರಿ ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ, ರಜಾಯಿಯೊಳಗೆ ಇಟ್ಟುಕೊಂಡು ಮಲಗಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನೂ ಹಾಗೆಯೇ ಕಾಪಾಡಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ.

ನಗದು ಒಯ್ಯಿರಿ. ಕಾಜಾದಲ್ಲಿ ಎಟಿಎಂ ಇದೆ, ಅದರಲ್ಲಿ ದುಡ್ಡು ಇರಬೇಕಲ್ಲ. ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ಗಡಿ ಹತ್ತಿರ, ಚೆಕ್‌ಪೋಸ್ಟುಗಳಲ್ಲಿ ಕೇಳುತ್ತಾರೆ. ಗಡಿ ಹತ್ತಿರದ ಜಾಗಕ್ಕೆ ಹೋಗಲು ಕೊಡುವ ಒಳಗಡಿ ಪರ್ಮಿಟ್ (ಇನ್ನರ್ ಲೈನ್ ಪರ್ಮಿಟ್) ಬೇಕಿರುವುದು ವಿದೇಶಿಯರಿಗೆ, ನಮಗಲ್ಲ.

ಹತ್ತುವ ಲೆಕ್ಕ

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು. ಹಗಲಿನಲ್ಲಿ ಎಷ್ಟೇ ಮೇಲೆ ಹೋಗಿ, ಮಲಗಲು ಕೆಳಗೆ ಇಳಿಯಿರಿ.

ಶಿಮ್ಲಾ 2,200 ಮೀಟರ್. ಅಲ್ಲಿ ಅಥವಾ ನಾರ್ಕಂಡಾದಲ್ಲಿ ಒಂದು ರಾತ್ರಿ. ಮರುದಿನ ಸತ್ಲಜ್ ದಂಡೆಯಲ್ಲಿ ರಾಂಪುರ ದಾಟಿ ರೆಕಾಂಗ್ ಪಿಯೋ, ಅದರ ತಲೆಯ ಮೇಲಿರುವ ಕಲ್ಪಾ. ಶಿಮ್ಲಾದಿಂದ ಸುಮಾರು 230 ಕಿ.ಮೀ., ಪೂರ್ತಿ ಹಗಲು ಬೇಕು. ಕಲ್ಪಾ 2,960 ಮೀಟರ್. ಇಲ್ಲಿ ಎರಡು ರಾತ್ರಿ ಇರಿ. ಇದು ಸುಮ್ನೆ ಕಳೆದ ದಿನವಲ್ಲ. ಎದುರಿಗೇ ಕಿನ್ನರ ಕೈಲಾಸ ಶಿಖರ ಇದೆ, ಬೆಳಗ್ಗೆ ಕಿಟಕಿ ತೆಗೆದರೆ ಸಾಕು. ಸೇಬಿನ ತೋಟಗಳ ನಡುವೆ ಓಡಾಡಿ. ತೋಟದವರನ್ನು ಕೇಳದೆ ಹಣ್ಣು ಕೀಳಬೇಡಿ.

ಮುಂದೆ ಖಾಬ್ ಎಂಬಲ್ಲಿ ಸ್ಪಿತಿ ನದಿ ಬಂದು ಸತ್ಲಜ್ ಸೇರುತ್ತದೆ. ಸತ್ಲಜ್ ಟಿಬೆಟ್ ಕಡೆಯಿಂದ ಬಂದದ್ದು. ಇಲ್ಲಿಂದ ಹಸಿರು ಮುಗಿಯಿತು. ಬೋಳು ಗುಡ್ಡ, ಕಂದು, ಬೂದು, ನಡುನಡುವೆ ನೇರಳೆ ಬಣ್ಣ. ಮನೆಯಲ್ಲಿ ಯಾರಾದರೂ ಕಾಕಾ ಫೋಟೊ ನೋಡಿ "ಅಲ್ಲೇನದ ತಮ್ಮಾ, ಬರೇ ಕಲ್ಲು" ಅಂದರೆ ವಾದ ಮಾಡಬೇಡಿ. ಕಲ್ಲು ನೋಡಲಿಕ್ಕೇ ಹೋಗುವುದು.

ನಾಕೋ ಹಳ್ಳಿಯಲ್ಲಿ ಒಂದು ಪುಟ್ಟ ಕೆರೆ, ಹಳೆಯ ಗುಡಿಗಳು. ಅದು 3,600 ಮೀಟರ್ ಮೇಲಿದೆ. ಮಧ್ಯಾಹ್ನ ಅಲ್ಲಿ ಉಂಡು, ಮಲಗಲು 3,280 ಮೀಟರಿನ ತಾಬೋಗೆ ಹೋಗಿ. ಕಲ್ಪಾದಿಂದ ತಾಬೋಗೆ ಮಲಗುವ ಎತ್ತರ ಮುನ್ನೂರು ಚಿಲ್ಲರೆ ಮೀಟರ್ ಮಾತ್ರ ಹೆಚ್ಚಿತು. ಅಲ್ಲಿಂದ ಕಾಜಾಕ್ಕೆ ಇನ್ನೊಂದು ನಾನೂರು. ಮನಾಲಿಯಿಂದ ಬಂದಿದ್ದರೆ 2,050ರಿಂದ 3,700ಕ್ಕೆ ಒಂದೇ ಏಟಿಗೆ ಏರುತ್ತಿದ್ದಿರಿ.

ತಲೆ ನೋವು, ಊಟ ಸೇರದಿರುವುದು, ವಾಕರಿಕೆ, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಗುರುತುಗಳು. ಆಗ ಇದ್ದಲ್ಲೇ ಇರಿ, ಮೇಲೆ ಹೋಗಬೇಡಿ, ನೀರು ಕುಡಿಯಿರಿ. ಕೂತಲ್ಲೇ ಏದುಸಿರು, ಕೆಮ್ಮು, ತೂರಾಡುವ ನಡಿಗೆ, ಮಾತು ತೊದಲುವುದು ಕಂಡರೆ ಬೆಳಗಾಗಲಿ ಅಂತ ಕಾಯಬಾರದು. ತಕ್ಷಣ ಕೆಳಗೆ ಇಳಿಯಬೇಕು. ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಆಮ್ಲಜನಕ ಕೊಡುತ್ತಾರೆ, ಆದರೂ ಇಳಿಯುವುದೇ ನಿಜವಾದ ಮದ್ದು. ಕರ್ಪೂರ ಮೂಸಿದರೆ ಮೂಗು ತೆರೆದಂತೆ ಅನ್ನಿಸುತ್ತದೆ, ರಕ್ತಕ್ಕೆ ಆಮ್ಲಜನಕವೇನೂ ಜಾಸ್ತಿ ಹೋಗುವುದಿಲ್ಲ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ಊರಲ್ಲೇ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮುಖ್ಯವಾಗಿ ಹೇಳಬೇಕು. ಬಿಪಿ, ಹೃದಯದ ತೊಂದರೆ ಇರುವ ಹಿರಿಯರು ಡಾಕ್ಟರ್ ಹೂಂ ಅಂದರೆ ಮಾತ್ರ ಹೊರಡಲಿ. ಮೊದಲ ನಾಲ್ಕೈದು ದಿನ ಎಣ್ಣೆ, ಬೀಡಿ, ಸಿಗರೇಟು ಬೇಡ.

ಕಣಿವೆಯಲ್ಲಿ ನೋಡುವುದು

ತಾಬೋ ಗೊಂಪಾ, ಅಂದರೆ ಬೌದ್ಧ ಮಠ, ಕಟ್ಟಿದ್ದು 996ರಲ್ಲಿ. ಹೊರಗಿನಿಂದ ನೋಡಿದರೆ ಮಣ್ಣಿನ ಗೋಡೆ ಅಷ್ಟೇ, ನಮ್ಮ ಹಳ್ಳಿಯ ಹಳೆಯ ವಾಡೆಗಳೇ ಇದಕ್ಕಿಂತ ದೊಡ್ಡವು. ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುವ ತನಕ ಸುಮ್ಮನೆ ನಿಂತಿರಿ. ಆಮೇಲೆ ಗೋಡೆಯ ಚಿತ್ರಗಳು, ಮಣ್ಣಿನ ಮೂರ್ತಿಗಳು ಒಂದೊಂದಾಗಿ ಕಾಣುತ್ತವೆ. ಸಾವಿರ ವರ್ಷದಿಂದ ಪೂಜೆ ನಿಲ್ಲದ ಜಾಗ ಅದು. ಒಳಗೆ ಫೋಟೊ ತೆಗೆಯುವಂತಿಲ್ಲ. ಭೀಮೆಯ ದಂಡೆಯ ಸನ್ನತಿಯಲ್ಲಿ ಒಡೆದ ಸ್ತೂಪದ ಕಲ್ಲುಗಳನ್ನು ಕಂಡವರಿಗೆ ಇಲ್ಲಿ ಜಾಸ್ತಿ ಹೊತ್ತು ಬೇಕಾಗುತ್ತದೆ. ನಮ್ಮಲ್ಲಿ ನೆಲದಡಿ ಸೇರಿದ ಧರ್ಮ ಇಲ್ಲಿ ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿಸುತ್ತದೆ.

ತಾಬೋದಿಂದ ಕಾಜಾ ಸುಮಾರು 50 ಕಿ.ಮೀ. ಒಂದೂವರೆ ಗಂಟೆಯಲ್ಲಿ ಮುಗಿಸಬೇಡಿ. ನಡುವೆ ಬಲಕ್ಕೆ ತಿರುಗಿ ಢಂಕರ್‌ಗೆ ಹತ್ತಿ. ಪಿನ್ ನದಿ ಬಂದು ಸ್ಪಿತಿಯನ್ನು ಸೇರುವ ಜಾಗದ ಮೇಲೆ, ಸವೆದ ಮಣ್ಣುಗುಡ್ಡದ ತುದಿಗೆ ಅಂಟಿಕೊಂಡ ಹಳೆಯ ಗೊಂಪಾ. ಅಲ್ಲಿಂದ ಮೇಲಿನ ಕೆರೆಗೆ ಒಂದು ಗಂಟೆಯ ಏರು. ಈ ಪ್ರವಾಸದ ಮೊದಲ ನಡಿಗೆಗೆ ಒಳ್ಳೆಯ ಪರೀಕ್ಷೆ ಅದು. ಹತ್ತುತ್ತಾ ಮಾತಾಡಲು ಆಗುತ್ತಿದ್ದರೆ ವೇಗ ಸರಿ ಇದೆ, ಆಗದಿದ್ದರೆ ನಿಧಾನ ಮಾಡಿ. ಸಮಯ ಇದ್ದವರು ಪಿನ್ ಕಣಿವೆಯ ಕೊನೆಯ ಊರು ಮುದ್‌ವರೆಗೆ ಹೋಗಿ ಒಂದು ರಾತ್ರಿ ಇರಬಹುದು. 1987ರಲ್ಲಿ ಘೋಷಿಸಿದ ಪಿನ್ ವ್ಯಾಲಿ ರಾಷ್ಟ್ರೀಯ ಉದ್ಯಾನ ಆ ಕಡೆಯೇ ಇದೆ.

ಕಾಜಾದಲ್ಲಿ ಮೂರು ರಾತ್ರಿ ಇರಿ. ಒಂದು ದಿನ ಕೀ ಗೊಂಪಾ, ಕಿಬ್ಬರ್, ಚಿಚಮ್ ಸೇತುವೆ. ಆಳವಾದ ಕಮರಿಯ ಮೇಲಿನ ಈ ಸೇತುವೆ 2017ರಲ್ಲಿ ತೆರೆಯಿತು. ಅದಕ್ಕೆ ಮೊದಲು ಚಿಚಮ್ ಊರಿನವರು ಹಗ್ಗಕ್ಕೆ ತೂಗುಹಾಕಿದ ತೊಟ್ಟಿಯಲ್ಲಿ ಕೂತು ಕಮರಿ ದಾಟುತ್ತಿದ್ದರು. ಸೇತುವೆಯ ಮೇಲೆ ರೀಲ್ಸ್ ಮಾಡುವ ಮುಂಚೆ ಒಂದು ಸಲ ಕೆಳಗೆ ನೋಡಿ, ಅದು ಅರ್ಥವಾಗುತ್ತದೆ.

ಇನ್ನೊಂದು ದಿನ ಲಾಂಗ್ಜಾ, ಹಿಕ್ಕಿಂ, ಕೋಮಿಕ್. ಮೂರೂ 4,400 ಮೀಟರಿನ ಆಸುಪಾಸು, ಕೋಮಿಕ್ ಇನ್ನೂ ಮೇಲೆ. ಗಾಡಿಯಲ್ಲಿ ಮೂರನ್ನೂ ಅರ್ಧ ದಿನದಲ್ಲಿ ಮುಗಿಸಿ ಬರುತ್ತಾರೆ. ಮೈ ಒಗ್ಗಿದ್ದರೆ ಕೋಮಿಕ್‌ನಿಂದ ಹಿಕ್ಕಿಂಗೆ ನಡೆದು ಇಳಿಯಿರಿ, ಗಾಡಿ ಹಿಕ್ಕಿಂನಲ್ಲಿ ಕಾಯಲಿ. ಹಿಕ್ಕಿಂನ ಅಂಚೆ ಕಚೇರಿ 1983ರಿಂದ ನಡೆಯುತ್ತಿದೆ, ಜಗತ್ತಿನ ಅತಿ ಎತ್ತರದ ಅಂಚೆ ಕಚೇರಿಗಳಲ್ಲಿ ಒಂದು. ಮನೆಗೆ ಒಂದು ಕಾರ್ಡು ಬರೆದು ಹಾಕಿ. ಪಿನ್‌ಕೋಡ್ ಮರೆಯಬೇಡಿ, 5851ರಿಂದ ಶುರುವಾಗುವುದನ್ನು ಕನ್ನಡದಲ್ಲಿ ಬರೆದರೆ ದಾರಿ ತಪ್ಪೀತು, ಇಂಗ್ಲಿಷ್ ಅಂಕಿಯಲ್ಲೇ ಬರೆಯಿರಿ. ಕಾರ್ಡಿಗಿಂತ ಮೊದಲು ನೀವೇ ಊರು ಮುಟ್ಟುವ ಸಂಭವ ಜಾಸ್ತಿ.

ಲಾಂಗ್ಜಾದ ಗುಡ್ಡಗಳಲ್ಲಿ ಸುರುಳಿ ಚಿಪ್ಪಿನ ಪಳೆಯುಳಿಕೆಗಳಿವೆ. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರ ಇತ್ತು. ನಾವು ಮನೆಯ ನೆಲಕ್ಕೆ ಹಾಕುವ ಶಹಾಬಾದ್ ಕಲ್ಲೂ ಸಮುದ್ರದ ತಳದ್ದೇ. ಆದರೆ ಅದು ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನದು, ಹಾಗಾಗಿ ಎಷ್ಟು ಒಡೆದರೂ ಅದರಲ್ಲಿ ಚಿಪ್ಪು ಸಿಗುವುದಿಲ್ಲ. ಲಾಂಗ್ಜಾದಲ್ಲಿ ಮಕ್ಕಳು ಪಳೆಯುಳಿಕೆ ಮಾರಲು ಬರುತ್ತಾರೆ. ಕೈಯಲ್ಲಿ ಹಿಡಿದು ನೋಡಿ, ಕೊಳ್ಳಬೇಡಿ, ಜೇಬಿಗೂ ಹಾಕಬೇಡಿ.

ಸ್ತೂಪ, ಮಂತ್ರ ಕೆತ್ತಿದ ಕಲ್ಲಿನ ಸಾಲು ಎದುರಾದರೆ ಅದನ್ನು ಬಲಕ್ಕೆ ಇಟ್ಟುಕೊಂಡು ದಾಟಿ. ನಮ್ಮ ಗುಡಿಯ ಪ್ರದಕ್ಷಿಣೆಯ ದಿಕ್ಕೇ. ಹಳ್ಳಿಗಳಲ್ಲಿ ಮನೆಗಳಲ್ಲೇ ಉಳಿಯುವ ವ್ಯವಸ್ಥೆ ಇದೆ. ನೀರು ಕಡಿಮೆ, ಹಲವು ಕಡೆ ಮಣ್ಣು ಹಾಕಿ ಮುಚ್ಚುವ ಒಣ ಪಾಯಖಾನೆ. ಬಕೆಟ್‌ಗಟ್ಟಲೆ ಬಿಸಿನೀರು ಕೇಳಬೇಡಿ. ಗುಟ್ಕಾ ಚೀಟು, ಕುರ್ಕುರೆ ಪಾಕೀಟು ವಾಪಸ್ ನಿಮ್ಮ ಚೀಲಕ್ಕೇ.

ನದಿ ಮತ್ತು ರಸ್ತೆ

ಗಾಣಗಾಪುರದ ಸಂಗಮಕ್ಕೆ ಹೋದರೆ ನಾವು ಮೊದಲು ಮುಳುಗು ಹಾಕುತ್ತೇವೆ. ನದಿ ಕಂಡರೆ ಇಳಿಯುವುದು ನಮ್ಮ ಅಭ್ಯಾಸ. ಸ್ಪಿತಿಯಲ್ಲಿ ಅದು ಬೇಡ. ನೀರು ಹಿಮ ಕರಗಿ ಬಂದದ್ದು, ಮೈ ಮರಗಟ್ಟಲು ನಿಮಿಷಗಳು ಸಾಕು. ಮೇಲೆ ಶಾಂತವಾಗಿ ಕಂಡರೂ ಸೆಳೆತ ಜೋರು. ಕೈ ಮುಗಿದು ದಂಡೆಯಲ್ಲಿ ಕೂರಿ.

ರಸ್ತೆಗೆ ಅಡ್ಡ ಹರಿಯುವ ತೊರೆಗಳದ್ದು ಬೇರೆಯೇ ಲೆಕ್ಕ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನ ಮೊಣಕಾಲಿಗೆ ಬರುತ್ತದೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗುತ್ತದೆ, ಆ ನೀರು ಕೆಳಗೆ ತಲುಪುವಾಗ ಮಧ್ಯಾಹ್ನ. ಅದಕ್ಕೇ ಕುಂಜುಂ ಆಚೆಯ ಬಾತಲ್, ಗ್ರಾಂಫೂ ನಡುವಿನ ದಾರಿಯನ್ನು ಬೆಳಗ್ಗೆಯೇ ದಾಟಬೇಕು. ಡ್ರೈವರ್ ಐದಕ್ಕೇ ಹೊರಡೋಣ ಅಂದರೆ ಅವನ ಮಾತು ಕೇಳಿ.

ಸ್ವಂತ ಕಾರು ಒಯ್ಯುವವರು ರೆಕಾಂಗ್ ಪಿಯೋ ಹತ್ತಿರ ಟ್ಯಾಂಕ್ ತುಂಬಿಸಿ. ಅದರ ನಂತರ ಪೆಟ್ರೋಲ್ ಬಂಕ್ ಸಿಗುವುದು ಕಾಜಾದಲ್ಲೇ. ಕಿರಿದಾದ ಜಾಗದಲ್ಲಿ ಹತ್ತುವ ಗಾಡಿಗೆ ಮೊದಲ ಹಕ್ಕು. ನನ್ನ ಅಭಿಪ್ರಾಯದಲ್ಲಿ ಘಟ್ಟದ ರಸ್ತೆ ಅಭ್ಯಾಸ ಇಲ್ಲದ ಬಯಲುಸೀಮೆಯವರು ಅಲ್ಲಿಯ ಗಾಡಿಯನ್ನೇ ಮಾಡಿಕೊಳ್ಳುವುದು ಒಳ್ಳೆಯದು. ಖರ್ಚು ಕಡಿಮೆ ಬೇಕೆಂದರೆ ರೆಕಾಂಗ್ ಪಿಯೋದಿಂದ ಕಾಜಾಕ್ಕೆ ಬೆಳಗ್ಗೆ ಸರ್ಕಾರಿ ಬಸ್ ಇದೆ, ಇಡೀ ದಿನದ ಪ್ರಯಾಣ.

ಹೊರಗೆ ಬರುವ ದಾರಿ

ಚಂದ್ರತಾಲ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಸರೋವರ ಸುಮಾರು 4,250 ಮೀಟರ್ ಎತ್ತರದಲ್ಲಿದೆ, 2005ರಿಂದ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಅಷ್ಟು ಎತ್ತರದಲ್ಲಿ ಮಲಗಲು ನಿಮ್ಮ ಮೈ ಅಷ್ಟೊತ್ತಿಗೆ ತಯಾರಾಗಿರುತ್ತದೆ. ದಂಡೆಯ ಮೇಲೆ ಟೆಂಟ್ ಹಾಕುವಂತಿಲ್ಲ, ಕ್ಯಾಂಪುಗಳು ದೂರದಲ್ಲಿವೆ. ಗಾಡಿಯೂ ಪೂರ್ತಿ ಹತ್ತಿರ ಹೋಗುವುದಿಲ್ಲ, ಕೊನೆಯ ತುಣುಕು ನಡೆಯಬೇಕು. ಸಂಜೆ ನಾಲ್ಕರೊಳಗೆ ತಲುಪಿದರೆ ಸುತ್ತ ನಡೆದು ಬರಲು ಬೆಳಕು ಇರುತ್ತದೆ. ಸೆಪ್ಟೆಂಬರ್ ರಾತ್ರಿ ಅಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಇದ್ದದ್ದೆಲ್ಲ ಹಾಕಿಕೊಂಡೇ ಮಲಗಿ. ಮಧ್ಯರಾತ್ರಿ ಒಮ್ಮೆ ಟೆಂಟಿನಿಂದ ಹೊರಗೆ ಬಂದು ತಲೆ ಎತ್ತಿ ನೋಡಿ, ಚಂದ್ರ ಇಲ್ಲದ ರಾತ್ರಿಯಾದರೆ ಇನ್ನೂ ಒಳ್ಳೆಯದು.

ಮರುದಿನ ಅಟಲ್ ಸುರಂಗದಿಂದ ಮನಾಲಿ. ಒಂಬತ್ತು ಕಿ.ಮೀ. ಉದ್ದದ ಈ ಸುರಂಗ 2020ರಲ್ಲಿ ತೆರೆದ ಮೇಲೆ ರೋಹ್ತಾಂಗ್ ಪಾಸ್ ಹತ್ತಿ ಇಳಿಯುವ ಕಷ್ಟ ತಪ್ಪಿದೆ. ಮನಾಲಿಯಿಂದ ದಿಲ್ಲಿಗೆ ರಾತ್ರಿ ಬಸ್ಸುಗಳಿವೆ.

ರೈಲು ಪ್ರಯಾಣ ಸೇರಿಸಿ ಮನೆಯಿಂದ ಮನೆಗೆ ಹದಿನಾರು ದಿನ ಇಟ್ಟುಕೊಳ್ಳಿ. ಅಷ್ಟು ರಜೆ ಸಿಗದವರು ಚಂದ್ರತಾಲ್ ಬಿಡಿ, ಪಿನ್ ಕಣಿವೆ ಬಿಡಿ, ಕಲ್ಪಾದ ಎರಡನೇ ರಾತ್ರಿ ಮಾತ್ರ ಬಿಡಬೇಡಿ. ಇನ್ನು ದಿಲ್ಲಿಯಿಂದ ಕಲಬುರಗಿಯ ಟಿಕೆಟ್. ಮನಾಲಿಯಿಂದ ದಿಲ್ಲಿ ತಲುಪುವ ದಿನಕ್ಕೇ ಅದನ್ನು ಮಾಡಬೇಡಿ, ಒಂದು ದಿನ ಬಿಟ್ಟು ಮಾಡಿ. ಗುಡ್ಡದ ರಸ್ತೆ ಬಂದ್ ಆಗದಿದ್ದರೆ ಆ ದಿನ ಚಾಂದನಿ ಚೌಕದಲ್ಲಿ ಕಳೆಯಬಹುದು.